ಕೂದಲು ಗಿಡ್ಡ ಮಾಡಿಸಿದರೆ ನನ್ನ ವಿಷಯ ಮನೆಯವರಿಗೆ ಗೊತ್ತಾಗಿಬಿಡುತ್ತಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ 24 ವರ್ಷ, ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಹುಡುಗಿಯರ ಮೇಲೇ ಮನಸ್ಸು ಅಂತ ನಿಮಗೆ ಕಾಲೇಜಿನಿಂದಲೇ ಗೊತ್ತು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸೊಂಟದವರೆಗಿನ ಜಡೆ ತೆಗೆಸಿ ಬಾಯ್ ಕಟ್ ಮಾಡಿಸಬೇಕು ಅಂತ ಆಸೆ. ಅಮ್ಮ ಮಾತ್ರ "ಮದುವೆ ಆಗೋವರೆಗೂ ಕೂದಲಿಗೆ ಕತ್ತರಿ ತಾಗಿಸಬೇಡ" ಅಂದಿದ್ದಾರೆ. ಕತ್ತರಿಸಿದರೆ ವಿಷಯ ಬಯಲಾಗುತ್ತಾ, ಮೊದಲು ಹೇಳಬೇಕಾ ಮೊದಲು ಕತ್ತರಿಸಬೇಕಾ, ಮಾರ್ಚ್‌ನಲ್ಲಿ ಅಣ್ಣನ ಮದುವೆ ಬೇರೆ ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ತಿಪಟೂರಿನ ಕಡೆಯವಳು. ನನಗೂ ಹೆಂಗಸರೇ ಇಷ್ಟ. ಎಷ್ಟೋ ವರ್ಷದಿಂದ ನನ್ನ ಕೂದಲು ಕಿವಿಯಿಂದ ಕೆಳಗೆ ಇಳಿದಿಲ್ಲ. ಸಂಗಾತಿಯ ಜೊತೆ ಬೆಂಗಳೂರಲ್ಲೇ ಸಂಸಾರ. ಅದಕ್ಕೇ ನೇರವಾಗಿ ಹೇಳುತ್ತೇನೆ: ಕೂದಲಿನ ವಿಷಯ ಬೇರೆ, ಮನೆಯಲ್ಲಿ ಹೇಳೋ ವಿಷಯ ಬೇರೆ. ಎರಡನ್ನೂ ಸೇರಿಸಿ ಗಂಟು ಹಾಕಬೇಡಿ.

ಬಾಯ್ ಕಟ್ ನೋಡಿ ನಿಮ್ಮೂರಲ್ಲಿ ಯಾರೂ "ಇವಳು ಲೆಸ್ಬಿಯನ್" ಅಂದುಕೊಳ್ಳುವುದಿಲ್ಲ. ಬೆಂಗಳೂರಿನ ಗಾಳಿ ಬಡಿದಿದೆ ಅಂತಾರೆ, ಕೊಬ್ಬು ಅಂತಾರೆ, ಹೆಚ್ಚೆಂದರೆ ಗಂಡುಬೀರಿ ಅಂತಾರೆ. ಕೇಳೋಕೆ ಹಿತವಾದ ಮಾತುಗಳಲ್ಲ, ಆದರೆ ನಿಮ್ಮ ಗುಟ್ಟು ಅದರಲ್ಲಿಲ್ಲ. ಗಂಡ, ಮಕ್ಕಳು ಎಲ್ಲ ಇರೋ ಎಷ್ಟೋ ಹೆಂಗಸರು ಗಿಡ್ಡ ಕೂದಲು ಬಿಟ್ಟಿದ್ದಾರೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತರಲ್ಲ, ನಿಮ್ಮ ಪಕ್ಕದ ಜಿಲ್ಲೆಯಲ್ಲೇ. ನಮ್ಮ ಅಜ್ಜಿಯರ ಕಾಲದ ಹೆಂಗಸರು "ಇಂದಿರಮ್ಮ" ಅಂತ ಬಾಯ್ತುಂಬ ಕರೆದು ಓಟು ಹಾಕಿದರು. ಆ ಇಂದಿರಮ್ಮನ ತಲೆಯಲ್ಲಿ ಜಡೆ ಇರಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ನನ್ನ ಸಂಗಾತಿಗೆ ಇವತ್ತಿಗೂ ಉದ್ದ ಜಡೆ ಇದೆ. ಶುಕ್ರವಾರ ತಪ್ಪದೆ ಹೂ ಮುಡಿಯುತ್ತಾಳೆ. ಅವಳಿಗೆ ಅದು ಇಷ್ಟ. ನಮ್ಮ ನಮ್ಮಲ್ಲೇ ಕೆಲವರು "ಇಷ್ಟುದ್ದ ಜಡೆ ಇಟ್ಟುಕೊಂಡು ನೀನೆಂಥ ಕ್ವಿಯರ್" ಅಂತ ಅವಳನ್ನು ಕೇಳಿದ್ದಾರೆ. ಕ್ವಿಯರ್ ಅಂದರೆ ನಮ್ಮಂಥವರು. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅಮ್ಮ ಜಡೆ ಬಿಡು ಅನ್ನೋದು, ಗೆಳತಿಯರು ಜಡೆ ತೆಗಿ ಅನ್ನೋದು, ಎರಡೂ ಒಂದೇ ದಬ್ಬಾಳಿಕೆ ಅಲ್ವಾ? ಹಾಗಾಗಿ ಯಾರಿಗೋ ತೋರಿಸೋಕೆ ಅಂತ ಕತ್ತರಿಸಬೇಡಿ. ನಿಮಗೆ ಬೇಕು ಅನ್ನಿಸಿದರೆ ಕತ್ತರಿಸಿ.

ಈಗ ಅಮ್ಮನ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮ್ಮ ಮನೆಯ ಹಾಲ್‌ನಲ್ಲಿ ನಾನು ಚಿಕ್ಕವಳಿದ್ದಾಗಿನ ಮೊಗ್ಗಿನ ಜಡೆಯ ಫೋಟೋ ಇದೆ. ಸ್ಟುಡಿಯೋದಲ್ಲಿ ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಕಾಣೋ ಹಾಗೆ ತೆಗೆಯುತ್ತಿದ್ದರಲ್ಲ, ಅದೇ. ಬೇಸಿಗೆ ರಜೆ, ಮಲ್ಲಿಗೆ ಕಾಲ. ಅಮ್ಮ ಬೆಳಗ್ಗೆಯೇ ಕೂತು ಮೊಗ್ಗುಗಳನ್ನು ಸೂಜಿ ದಾರದಲ್ಲಿ ಪೋಣಿಸಿ ಜಡೆಗೆ ಹೊಲಿದಿದ್ದಳು. ಕೂದಲು ಸಾಲದೆ ಚೌರಿ ಸೇರಿಸಿ, ತುದಿಗೆ ಕುಚ್ಚು ಕಟ್ಟಿದ್ದಳು. ಭಾರಕ್ಕೆ ಕುತ್ತಿಗೆ ಹಿಂದಕ್ಕೆ ಜಗ್ಗುತ್ತಿತ್ತು. ಆಮೇಲೆ ಹೈಸ್ಕೂಲು ಮುಗಿಯೋವರೆಗೂ ದಿನಾ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿ, ಮಡಚಿ ರಿಬ್ಬನ್ ಕಟ್ಟಿ ಕಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ದೊಡ್ಡ ಮಕ್ಕಳನ್ನು ತಬ್ಬಿಕೊಳ್ಳೋದು, ಮುದ್ದು ಮಾಡೋದು ಎಲ್ಲ ಇರಲಿಲ್ಲ. ತಲೆ ಬಾಚುವಾಗ ಮಾತ್ರ ಅಮ್ಮನ ಕೈ ನನ್ನ ಮೇಲಿರುತ್ತಿತ್ತು.

ನಾನು ಕೂದಲು ತೆಗೆಸಿದಾಗ ಪಾರ್ಲರ್‌ನವರು ಜಡೆಗೆ ಮೇಲೆ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿ, ಹಾಗೇ ಕತ್ತರಿಸಿ ಕವರಿನಲ್ಲಿ ಕೊಟ್ಟರು. ಊರಿಗೆ ತಗೊಂಡು ಹೋದೆ. ಅಮ್ಮನ ಬಾಯಲ್ಲಿ ಮೊದಲು ಬಂದಿದ್ದು "ಇನ್ನು ನಿನ್ನನ್ನು ಯಾರು ಮದುವೆ ಆಗ್ತಾರೆ" ಅನ್ನೋ ಮಾತೇ. ತುಂಬಾ ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಕವರಿನಿಂದ ಜಡೆ ತೆಗೆದು ತೊಡೆ ಮೇಲಿಟ್ಟುಕೊಂಡು ತುದಿಯ ಸಿಕ್ಕು ಬಿಡಿಸುತ್ತಿದ್ದಳು.

ಆವತ್ತು ಅವಳ ಅಳುವಿನಲ್ಲಿ ಎರಡು ಸಂಕಟ ಬೆರೆತಿದ್ದವು. ತಾನು ಇಷ್ಟು ವರ್ಷ ಸಾಕಿದ ಕೂದಲು ಹೋಯಿತಲ್ಲ ಅನ್ನೋದು ಒಂದು. ಅದು ಪ್ರೀತಿ, ಅದಕ್ಕೆ ಎದುರುತ್ತರ ಕೊಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಇನ್ನೊಂದು ಜನರ ಭಯ. ಸೀರೆ ಉಟ್ಟು ಜಡೆ ಮುಂದೆ ಹಾಕಿಕೊಂಡ ಫೋಟೋ ಗಂಡಿನ ಕಡೆಯವರಿಗೆ ಕಳಿಸಬೇಕು, "ಮಗಳನ್ನು ಹೇಗೆ ಬೆಳೆಸಿದ್ದಾಳೆ ನೋಡು" ಅಂತ ಓರಗಿತ್ತಿಯರು ಅಂದುಬಿಟ್ಟರೆ ಅನ್ನೋ ಭಯ. ಬೈಗುಳ ಬೀಳೋದು ಯಾವಾಗಲೂ ತಾಯಿಗೇ ತಾನೇ? ಇದಕ್ಕೆ ಮಾತ್ರ ಬಗ್ಗಬೇಡಿ.

ಈ ಭಯಕ್ಕೆ ಹಳೆಯ ಬೇರೂ ಇದೆ. ಕೆಲವು ಜಾತಿಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣರ ಮನೆಗಳಲ್ಲಿ, ಗಂಡ ಸತ್ತರೆ ಹೆಂಡತಿಯ ತಲೆ ಬೋಳಿಸುತ್ತಿದ್ದರು. ಹೆಂಗಸಿನ ಕೂದಲು ಹೋಯಿತು ಅಂದರೆ ಅಪಶಕುನ ಅನ್ನೋದು ಅಲ್ಲಿಂದ ಸುಮಾರು ಜನರ ಮನಸ್ಸಿನಲ್ಲಿ ಕೂತಿದೆ. ಆದರೆ ಅದೇ ಜನ, ತಿರುಪತಿಯಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ಹೆಣ್ಣುಮಗಳು ಮುಡಿ ಕೊಟ್ಟು ಬಂದರೆ "ಹರಕೆ ತೀರಿತಾ" ಅಂತ ಸಂತೋಷವಾಗಿ ಕೇಳುತ್ತಾರೆ. ಗಂಡ ಸತ್ತು ಹೋದ ಕೂದಲು ಅಪಶಕುನ. ದೇವರಿಗೆ ಹೋದ ಕೂದಲು ಪುಣ್ಯ. ಹುಡುಗಿ ತನಗೆ ಬೇಕು ಅಂತ ತೆಗೆಸಿದರೆ ಕೊಬ್ಬು. ಇಲ್ಲಿ ಜಗಳ ಇರೋದು ತೀರ್ಮಾನ ಯಾರದು ಅನ್ನೋದರ ಮೇಲೆ. ನಿಮ್ಮ ಮನೆಯಲ್ಲೂ ಮುಡಿ ಕೊಟ್ಟ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಅಮ್ಮನ ಹತ್ತಿರ ಮಾತಾಡುವಾಗ ಅವರ ಹೆಸರು ತೆಗೆಯಿರಿ.

ಹಾಗಾದರೆ ಯಾವುದು ಮೊದಲು? ಕೂದಲು ಮೊದಲು ಅಂತ ನನ್ನ ಅಭಿಪ್ರಾಯ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ, ಇಷ್ಟವಾಗದಿದ್ದರೆ ಮತ್ತೆ ಬಿಡಬಹುದು. ಆಡಿದ ಮಾತನ್ನು ವಾಪಸ್ ತಗೊಳ್ಳೋಕಾಗಲ್ಲ. "ಯಾಕೆ ಕತ್ತರಿಸಿದೆ" ಅಂದರೆ "ನಂಗಿಷ್ಟ ಅಮ್ಮ" ಅನ್ನಿ, ಅಲ್ಲಿಗೆ ನಿಲ್ಲಿಸಿ. ಕೂದಲು ಉದುರುತ್ತಿತ್ತು, ಹೊಟ್ಟಾಗಿತ್ತು ಅಂತ ಸುಮ್ನೆ ನೆಪ ಹೇಳಬೇಡಿ. ನೆಪ ಹೇಳಿದರೆ ನಾಳೆಯೇ ಅದಕ್ಕೊಂದು ಎಣ್ಣೆ ಕಾಯಿಸಿ ಕಳಿಸುತ್ತಾರೆ.

ಮನೆಯಲ್ಲಿ ಹೇಳೋಕೆ ಅವಸರ ಬೇಡ. ಮೊದಲು ಸಂಬಳ ನಿಮ್ಮದೇ ಖಾತೆಗೆ ಬರುತ್ತಿರಲಿ, ಆಧಾರ್, ಅಂಕಪಟ್ಟಿ ಎಲ್ಲ ನಿಮ್ಮ ಹತ್ತಿರವೇ ಇರಲಿ, ರಾತ್ರೋರಾತ್ರಿ ಹೋಗಿ ಇರಬಹುದಾದ ಒಬ್ಬ ಸ್ನೇಹಿತೆಯ ಮನೆ ಇರಲಿ. ನಿಮ್ಮ ಮನೆಯವರು ಕೆಟ್ಟವರು ಅಂತ ಹೇಳುತ್ತಿಲ್ಲ. ಒಳ್ಳೆಯವರೂ ಗಾಬರಿಯಲ್ಲಿ ಮಗಳ ಫೋನ್ ಕಿತ್ತುಕೊಂಡು ಅವಸರದಲ್ಲಿ ಗಂಡು ಹುಡುಕಿದ್ದನ್ನು ನೋಡಿದ್ದೇನೆ. ಕಾನೂನೂ ಗೊತ್ತಿರಲಿ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಕೊಟ್ಟ ತೀರ್ಪಿನ ಮೇಲೆ ನಮ್ಮ ಸಂಬಂಧ ಅಪರಾಧ ಅಲ್ಲ. ಮದುವೆಯ ಹಕ್ಕು ಮಾತ್ರ 2023ರ ತೀರ್ಪಿನಲ್ಲಿ ಸಿಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ "ಸರಿ ಮಾಡಿಸುತ್ತೇವೆ" ಅಂದರೆ ಹೆದರಬೇಡಿ, ಅಂಥ ಚಿಕಿತ್ಸೆ ಕೊಡೋದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮನೆಯವರು ಹಿಡಿದಿಟ್ಟುಕೊಂಡ ಪ್ರಕರಣ ಕೋರ್ಟಿಗೆ ಬಂದರೆ, ಕೌನ್ಸೆಲಿಂಗ್ ಹೆಸರಿನಲ್ಲಿ ಹುಡುಗಿಯ ಮನಸ್ಸು ತಿರುಗಿಸೋಕೆ ಹೋಗಬಾರದು ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಲ್ಲಿ ನೀವು ಒಬ್ಬರೇ ಅಲ್ಲ. ಇಲ್ಲಿ ನಮ್ಮಂಥವರ 'ಗುಡ್ ಆಸ್ ಯು' ಗುಂಪು ಶುರುವಾಗಿದ್ದು 1994ರಲ್ಲಿ, ಪ್ರೈಡ್ ಮೆರವಣಿಗೆ 2008ರಲ್ಲಿ. ಅಲ್ಲಿಗೆ ಹೋದರೆ ಎಲ್ಲ ಥರದ ತಲೆಗಳೂ ಕಾಣಸಿಗುತ್ತವೆ, ಮಾರುದ್ದ ಜಡೆಯಿಂದ ನುಣ್ಣಗೆ ಬೋಳಿಸಿದ್ದರವರೆಗೆ.

ಪಾರ್ಲರ್‌ನಲ್ಲಿ "ಮನೇಲಿ ಕೇಳಿದ್ದೀರಾ ಮೇಡಂ?" ಅಂತ ಖಂಡಿತ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಆಮೇಲೆ ಮನೆಯವರು ಬಂದು ಜಗಳ ಆಡುತ್ತಾರೆ ಅನ್ನೋ ಹೆದರಿಕೆ ಅವರಿಗೆ. ಬಾಯಲ್ಲಿ ಹೇಳೋದಕ್ಕಿಂತ ಬೇಕಾದ ಕಟ್‌ನ ಫೋಟೋ ತೋರಿಸಿ. ಪಕ್ಕಕ್ಕೆ ಮಷಿನ್ ಹಾಕಿಸಬೇಕು ಅಂದರೆ ಗಂಡಸರ ಕಟಿಂಗೂ ಮಾಡೋ ಯುನಿಸೆಕ್ಸ್ ಸಲೂನೇ ಒಳ್ಳೆಯದು. ಧೈರ್ಯ ಸಾಲದಿದ್ದರೆ ಮೊದಲು ಭುಜದವರೆಗೆ, ಆಮೇಲೆ ಬಾಬ್, ಆಮೇಲೆ ಬಾಯ್ ಕಟ್.

ಅಣ್ಣನ ಮದುವೆ ಮಾರ್ಚ್‌ನಲ್ಲಿ ಅಂದಿರಿ. ಮದುವೆಗೆ ವಾರ ಇರುವಾಗ ಮಾತ್ರ ಕತ್ತರಿಸಬೇಡಿ. ಧಾರೆ ಮಂಟಪದಲ್ಲಿ ಬೀಗರನ್ನೂ ನೋಡಿಕೊಂಡು, ನಿಮ್ಮ ತಲೆಯ ಬಗ್ಗೆ ಬಂದವರಿಗೆಲ್ಲ ಉತ್ತರವನ್ನೂ ಕೊಟ್ಟುಕೊಂಡು ಅಮ್ಮ ಸುಸ್ತಾಗಿಹೋಗುತ್ತಾರೆ. ಕತ್ತರಿಸೋದಾದರೆ ಸಂಕ್ರಾಂತಿಗೆ ಮುಂಚೆ ಕತ್ತರಿಸಿ. ಎಳ್ಳು ಬೀರೋಕೆ ಹೋದಾಗ ಇಡೀ ಬೀದಿ ನೋಡಿರುತ್ತದೆ, ಮಾರ್ಚ್ ಹೊತ್ತಿಗೆ ಮಾತು ಹಳತಾಗಿರುತ್ತದೆ. ಇಲ್ಲ, ಮದುವೆ ಮುಗಿದ ಮೇಲೇ ಅಂದರೂ ನಷ್ಟವೇನಿಲ್ಲ. ಸೀರೆ ಆರಿಸೋ ಕೆಲಸ ಅಮ್ಮನಿಗೇ ಬಿಡಿ, ಅವರಿಗೂ ಸಮಾಧಾನ ಆಗುತ್ತದೆ. ಗಿಡ್ಡ ಕೂದಲಿಗೆ ಜುಮುಕಿ ತುಂಬಾ ಚೆನ್ನಾಗಿ ಕಾಣುತ್ತದೆ, ದೊಡ್ಡದೇ ಹಾಕಿಕೊಳ್ಳಿ.