ಕಪ್ಪು ಮೇಲೋ, ಕೆಳಗೋ?

ಪತ್ರ: ಕಳೆದ ಸಂಚಿಕೆಯಲ್ಲಿ ಜಪಾನಿನ ಹಿರೋಶಿಗೆಯ ಮರದಚ್ಚಿನ ಚಿತ್ರ ‘ರಾತ್ರಿಯ ಹಿಮ’ ಹಾಕಿದ್ದೀರಿ. ಅದರಲ್ಲಿ ಆಕಾಶದ ಕಪ್ಪು ಕೆಳಗೆ, ಮನೆಗಳ ಹಿಂದೆ ಇದೆ. ನಾನು ಬೇರೆ ಕಡೆ ನೋಡಿದ ಇದೇ ಚಿತ್ರದಲ್ಲಿ ಕಪ್ಪು ಮೇಲಿತ್ತು. ನಿಮ್ಮ ಪ್ರೆಸ್ಸಿನವರು ಎಡವಟ್ಟು ಮಾಡಿದರಾ? ಹಿಮಕ್ಕೆ ಯಾವ ಬಿಳಿ ಬಣ್ಣ ಹಾಕುತ್ತಿದ್ದರು?
– ಓದುಗರೊಬ್ಬರು, ಸಾಗರ

ಉತ್ತರ: ಪ್ರೆಸ್ಸಿನವರನ್ನು ಈ ಸಲ ಬಿಟ್ಟುಬಿಡಿ. ನೀವು ನೋಡಿದ ಎರಡೂ ಸರಿಯೇ.

ಎದೊದಿಂದ (ಈಗಿನ ಟೋಕಿಯೊ) ಕ್ಯೋಟೊಗೆ ಹೋಗುವ ತೊಕೈದೊ ದಾರಿಯ ಐವತ್ತಮೂರು ತಂಗುದಾಣಗಳ ಬಗ್ಗೆ ಹಿರೋಶಿಗೆ ಮಾಡಿದ ಸರಣಿಯಲ್ಲಿ ಕನ್‌ಬರ ಎಂಬ ಊರಿನ ಚಿತ್ರ ಇದು. ಅಚ್ಚಾಗಿದ್ದು 1833–34ರ ಸುಮಾರಿಗೆ. ಮೊದಮೊದಲ ಪ್ರತಿಗಳಲ್ಲಿ ಕಪ್ಪು ಮೇಲೆ ದಟ್ಟವಾಗಿದ್ದು, ಕೆಳಗೆ ಬರುತ್ತ ತಿಳಿಯಾಗುತ್ತದೆ. ಆಮೇಲಿನವುಗಳಲ್ಲಿ ಅದು ತಿರುಗುಮುರುಗು.

ಇದು ಹೇಗಾಯಿತು ಅಂದರೆ, ಆ ತಿಳಿ-ದಟ್ಟ ಮರದಲ್ಲಿ ಕೆತ್ತಿದ್ದೇ ಅಲ್ಲ. ಅಚ್ಚು ಹಾಕುವವನು ಒದ್ದೆ ಹಲಗೆಗೆ ಮಸಿ ಹಚ್ಚಿ, ಒಂದು ಬದಿಗೆ ಬರಬರುತ್ತ ತೆಳುವಾಗುವಂತೆ ಸವರುತ್ತಿದ್ದ. ಇದಕ್ಕೆ ಬೊಕಾಶಿ ಎನ್ನುತ್ತಾರೆ. ಪ್ರತಿ ಹಾಳೆಗೂ ಹೊಸದಾಗಿ ಸವರಬೇಕು. ಆಮೇಲೆ ಹಾಳೆ ಹಾಸಿ, ಬೆನ್ನಿಗೆ ಬಾರೆನ್ ಎಂಬ ದುಂಡನೆಯ ಉಜ್ಜುವ ಬಿಲ್ಲೆಯಿಂದ ಕೈಯಲ್ಲೇ ತಿಕ್ಕುವುದು. ಅಲ್ಲಿ ಪ್ರೆಸ್ಸೇ ಇರಲಿಲ್ಲ, ಬೈಯಲು!

ಬಿಳಿ ಬಣ್ಣವೂ ಇರಲಿಲ್ಲ. ಮಾಡಿನ ಮೇಲೆ, ಗುಡ್ಡದ ಮೇಲೆ ಕಾಣುವ ಹಿಮ ಅಂದರೆ ಸುಮ್ನೆ ಬಿಟ್ಟ ಕಾಗದ. ಆಕಾಶದಿಂದ ಬೀಳುವ ಚುಕ್ಕಿಗಳೂ ಅಷ್ಟೇ. ಹಲಗೆಯಲ್ಲಿ ಅಷ್ಟಷ್ಟು ಜಾಗ ಕೊರೆದು ತೆಗೆದರೆ ಅಲ್ಲಿಗೆ ಮಸಿ ತಾಗುವುದಿಲ್ಲ.

ನನ್ನನ್ನು ಕೇಳಿದರೆ ಕಪ್ಪು ಮೇಲಿರುವುದೇ ಚೆಂದ. ಮೂವರು ನಡೆಯುತ್ತಿದ್ದಾರೆ. ಒಬ್ಬನ ತಲೆ ಅರ್ಧ ಮಡಚಿದ ಕೊಡೆಯೊಳಗೆ ಹುದುಗಿದೆ. ಉಳಿದಿಬ್ಬರು ಬೆನ್ನು ಬಾಗಿಸಿ ಅವನಿಗೆ ಎದುರು ದಿಕ್ಕಿಗೆ ಹೊರಟಿದ್ದಾರೆ. ಒಬ್ಬರ ಮುಖವೂ ಕಾಣದು. ಮೇಲಿನ ಕಪ್ಪು ಅವರ ಹೆಗಲ ಮೇಲೇ ಕೂತಂತಿರುತ್ತದೆ. ಕೆಳಗಿದ್ದರೆ ಬಿಳಿ ಮಾಡುಗಳು ಎದ್ದು ಕಾಣುತ್ತವೆ, ನಿಜ. ಆದರೆ ರಾತ್ರಿಯ ಭಾರ ಕಡಿಮೆಯಾಗುತ್ತದೆ. ನಮಗೆ ಸಿಕ್ಕಿದ್ದು ಅದೇ ಪ್ರತಿ, ಹಾಕಿದೆವು.

ಇನ್ನೊಂದು ತಮಾಷೆ. ಈ ಊರು ಇರುವುದು ಶಿಜುವೊಕಾದ ಬೆಚ್ಚಗಿನ ಕರಾವಳಿಯಲ್ಲಿ. ಇಷ್ಟು ಹಿಮ ಬೀಳುವುದೇ ಅಪರೂಪ. ಕಂಡು ಬರೆದನೋ, ಕಲ್ಪಿಸಿಕೊಂಡನೋ ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ.

ಅಂದಹಾಗೆ ನೀವು ಗಮನಿಸದ ತಪ್ಪೊಂದಿದೆ. ಊರಿನ ಹೆಸರು ಕನ್‌ಬರ. ಚಿತ್ರದ ಅಡಿಯಲ್ಲಿ ನಾವು ಅದನ್ನು ‘ಕಂಬಾರ’ ಮಾಡಿಬಿಟ್ಟಿದ್ದೇವೆ. ಅದು ಮಾತ್ರ ನಮ್ಮ ಪ್ರೆಸ್ಸಿನವರದ್ದೂ ಅಲ್ಲ, ಪ್ರೂಫ್ ನೋಡಿದ ನನ್ನದು.