ಗಾಳಿಯ ಭಾಗವನ್ನು ಮುಂದಕ್ಕೆ ತನ್ನಿ

ನಮಸ್ಕಾರ.

ರೋಮನ್ನರ ಅಳತೆ ವಿದ್ಯೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಬಿಚ್ಚಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಸಾಮ್ರಾಜ್ಯದ ಹೊಗಳಿಕೆಗೇ ಹೋಗಿವೆ. ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ನೀವು ಗೆಳೆಯರ ಜೊತೆ ಗ್ರೋಮಾ ಎಂಬ ರೋಮನ್ನರ ಅಳತೆ ಸಾಧನ ಕಟ್ಟಿ, ಹೊಲದಲ್ಲಿ ನಿಲ್ಲಿಸಿ ಚೌಕ ಗುರುತು ಮಾಡಿದ್ದು ಬೇರೆ ಎಲ್ಲೂ ಸಿಗುವುದಿಲ್ಲ. ಅದಕ್ಕೆ ಮೂರೇ ಪ್ಯಾರಾ!

ಗ್ರೋಮಾ ಎಂದರೇನು ಎಂದು ಶುರುವಿನಲ್ಲೇ ಹೇಳಿಬಿಡಿ. ಒಂದು ಕಂಬ, ಮೇಲೆ ಅಡ್ಡಡ್ಡ ಕೂಡಿಸಿದ ಎರಡು ಪಟ್ಟಿ, ನಾಲ್ಕು ತುದಿಯಿಂದ ಇಳಿಬಿಟ್ಟ ನಾಲ್ಕು ತೂಗುಗುಂಡು. ಒಂದು ಕಣ್ಣು ಮುಚ್ಚಿ ನೋಡಿದಾಗ ಎದುರುಬದುರಿನ ಎರಡು ದಾರ ಒಂದೇ ಆಗಿ ಕಾಣಬೇಕು. ಆ ನೇರಕ್ಕೆ ದೂರದಲ್ಲಿ ಗೂಟ. ಆಮೇಲೆ ಪಕ್ಕಕ್ಕೆ ಬಂದು ಉಳಿದೆರಡು ದಾರ. ಇಷ್ಟು ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಕೊನೆಯ ಪುಟದಲ್ಲಿದೆ. ಗಾಳಿಗೆ ಗುಂಡು ಅಲ್ಲಾಡುತ್ತಿದ್ದವು, ಸುತ್ತ ಪಿವಿಸಿ ಪೈಪಿನ ತುಂಡು ಇಟ್ಟಿರಿ, ಗುಂಡು ಪೈಪಿಗೆ ತಾಗತೊಡಗಿತು, ತೆಗೆದುಬಿಟ್ಟಿರಿ. ಇದನ್ನು ಸುಮ್ನೆ ಹೇಳಿ ದಾಟಿದ್ದೀರಲ್ಲ! ಪ್ರಾಚೀನ ಗ್ರೀಕ್ ಗಣಿತಜ್ಞ, ಅಲೆಕ್ಸಾಂಡ್ರಿಯಾದ ಹೆರಾನ್ ಇಂಥದೇ ಸಾಧನದ ಬಗ್ಗೆ ಇದೇ ದೂರು ಬರೆದಿಟ್ಟಿದ್ದಾನೆ. ಗಾಳಿ ಬೀಸಿದರೆ ದಾರ ಬೇಗ ನಿಲ್ಲುವುದಿಲ್ಲ, ಕೆಲವರು ಗುಂಡಿನ ಸುತ್ತ ಮರದ ಕೊಳವೆ ಇಡುತ್ತಾರೆ, ಆದರೆ ಗುಂಡು ಕೊಳವೆಗೆ ಉಜ್ಜಿದರೆ ದಾರ ನೇರ ಇಳಿಯುವುದಿಲ್ಲ ಎಂದು. ನೀವು ಅವನನ್ನು ಓದದೆಯೇ ಅದೇ ಜಾಗಕ್ಕೆ ಬಂದು ನಿಂತಿದ್ದೀರಿ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು.

ಎರಡು ತಪ್ಪು ತಿದ್ದಲೇಬೇಕು. ಫ್ರಾನ್ಸಿನ ನೀಮ್ ಊರಿಗೆ ನೀರು ತಂದ ಸುಮಾರು 50 ಕಿ.ಮೀ. ಕಾಲುವೆಯ ಇಳಿಜಾರನ್ನು ಗ್ರೋಮಾದಲ್ಲಿ ಅಳೆದರು ಎಂದಿದ್ದೀರಿ. ಗ್ರೋಮಾ ನೇರ ಮತ್ತು ಮೂಲೆಮಟ್ಟ ಮಾತ್ರ ತೋರಿಸುತ್ತದೆ, ಎತ್ತರ ತಗ್ಗು ತೋರಿಸುವುದಿಲ್ಲ. ಮಟ್ಟ ನೋಡಲು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುವುದು ಖೊರೊಬಾಟೀಸ್: ಸುಮಾರು 20 ಅಡಿ ಉದ್ದದ, ಕಾಲಿರುವ ಹಲಗೆ. ಅದಕ್ಕೂ ತೂಗುಗುಂಡು ಉಂಟು. ಗಾಳಿ ಜಾಸ್ತಿಯಾದರೆ ಹಲಗೆಯ ಮೇಲೆ ಕೊರೆದ ಉದ್ದ ತೋಡಿಗೆ ನೀರು ತುಂಬಿ ನೋಡಿ ಎನ್ನುತ್ತಾನೆ ಅವನು. ನೋಡಿ, ಅಲ್ಲೂ ಗಾಳಿಯದೇ ಕಾಟ.

ಇನ್ನೊಂದು, ‘ಥೇಟ್ ರೋಮನ್ನರ ಗ್ರೋಮಾ’ ಎಂಬ ಮಾತು. ನೀವು ಅನುಸರಿಸಿದ ಮಾದರಿ 1912ರಲ್ಲಿ ಪಾಂಪೈನಲ್ಲಿ ಸಿಕ್ಕ ಲೋಹದ ಭಾಗಗಳನ್ನು ನೋಡಿ ಮತ್ತೆ ಜೋಡಿಸಿದ್ದು. ಅಡ್ಡಪಟ್ಟಿಗಳನ್ನು ಕಂಬದಿಂದ ಆಚೆ ಹಿಡಿಯುವ ತೋಳು ನಿಜಕ್ಕೂ ಇತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲೇ ವಾದವಿದೆ. ಯಾವುದು ಸಿಕ್ಕಿದ್ದು, ಯಾವುದು ಊಹೆ, ನೀವು ಬಳಸಿದ ನೈಲಾನ್ ದಾರ ಯಾಕೆ, ಎಲ್ಲ ಹೇಳಿ.

‘ಚೌಕ ಸರಿಯಾಗಿ ಬಂತು’ ಎಂದರೆ ಎಷ್ಟು ಸರಿ? ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ರೋಮನ್ನರು ಜಮೀನು ಹಂಚುತ್ತಿದ್ದ ದೊಡ್ಡ ಚೌಕದ ಒಂದು ಬದಿ ಸುಮಾರು 710 ಮೀಟರ್. ಮೂಲೆ ಅರ್ಧ ಡಿಗ್ರಿ ತಪ್ಪಿದರೂ ಆ ತುದಿಯಲ್ಲಿ 6 ಮೀಟರ್ ಆಚೀಚೆ ಆಗುತ್ತದೆ. ಒಬ್ಬ ರೈತನ ಪಾಲಿಗೆ ಅದು ಸಣ್ಣದಲ್ಲ, ಅಲ್ವಾ?

ಸಾಧ್ಯವಾದರೆ ಗಾಳಿ ಇಲ್ಲದ ಬೆಳಗ್ಗೆ ಒಮ್ಮೆ, ಗಾಳಿ ಬೀಸುವ ಮಧ್ಯಾಹ್ನ ಒಮ್ಮೆ ಅದೇ ಚೌಕ ಹಾಕಿ. ಎರಡೂ ಸಲದ ಅಳತೆ, ಪೈಪ್ ಇಟ್ಟಾಗಿನ ಫೋಟೊ ಸೇರಿಸಿ ಕಳಿಸಿ. ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ