ಮೈನ್‌ಕ್ರಾಫ್ಟ್ ಚಾಟ್‌ನಲ್ಲಿ ಬಣ್ಣ: ಮೊಬೈಲ್‌ನಲ್ಲಿ ಬರುತ್ತದೆ, ಪಿಸಿಯಲ್ಲಿ ಯಾಕಿಲ್ಲ?

ಮೊಬೈಲ್‌ನಲ್ಲಿ § ಹಾಕಿದರೆ ಚಾಟ್ ಬಣ್ಣದಲ್ಲಿ ಬರುತ್ತದೆ, ಪಿಸಿಯಲ್ಲಿ ಗೆಳೆಯರಿಗಾಗಿ ಮಾಡಿದ ಸರ್ವರ್‌ನಲ್ಲಿ ಅದೇ ಚಿಹ್ನೆ ಪೇಸ್ಟ್ ಮಾಡಿದರೆ ಮಾಯವಾಗುತ್ತದೆ, & ಹಾಕಿದರೆ ಇದ್ದ ಹಾಗೇ ಕಾಣುತ್ತದೆ ಅಂದಿರಿ ಅಲ್ವಾ? ನೀವು ಏನೂ ತಪ್ಪು ಮಾಡಿಲ್ಲ. ಮೊಬೈಲ್‌ನಲ್ಲಿರುವುದು ಆಟದ ಬೆಡ್‌ರಾಕ್ ಅನ್ನುವ ಆವೃತ್ತಿ, ಅದು ಚಾಟ್‌ನಲ್ಲಿ § ಬಿಡುತ್ತದೆ. ಪಿಸಿಯಲ್ಲಿ ನೀವು ಆಡುತ್ತಿರುವುದು ಜಾವಾ ಅನ್ನುವ ಬೇರೆ ಆವೃತ್ತಿ. ಅದರ ಚಾಟ್ ಬಾಕ್ಸ್ ಆ ಚಿಹ್ನೆಯನ್ನು ಒಳಗೇ ಸೇರಿಸುವುದಿಲ್ಲ. ಹಾಗಾಗಿ & ಟೈಪ್ ಮಾಡಿ, ಅದನ್ನು ಬಣ್ಣವಾಗಿ ಬದಲಿಸುವ ಕೆಲಸ ಸರ್ವರ್‌ನ ಪ್ಲಗಿನ್‌ಗೆ (ಸರ್ವರ್‌ಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಂ) ಬಿಡಬೇಕು.

ಪೇಪರ್ (ಪ್ಲಗಿನ್ ಹಾಕಬಹುದಾದ ಸರ್ವರ್ ಸಾಫ್ಟ್‌ವೇರ್) ಸರ್ವರ್ ಆದರೆ ಎಸೆನ್ಷಿಯಲ್ಸ್‌ಎಕ್ಸ್ ಅನ್ನುವ ಪ್ಲಗಿನ್ ಸಾಕು, ಆದರೆ ಎಸೆನ್ಷಿಯಲ್ಸ್‌ಎಕ್ಸ್ ಚಾಟ್ ಅನ್ನುವ ಜಾರ್ ಫೈಲ್ ಬೇರೆ ಇದೆ, ಅದನ್ನೂ ಪ್ಲಗಿನ್ಸ್ ಫೋಲ್ಡರ್‌ಗೆ ಹಾಕಿ. ತುಂಬಾ ಜನ ಇದನ್ನೇ ಮರೆತು ಎಲ್ಲಾ ಕಡೆ ಹುಡುಕುತ್ತಾರೆ.

ಕೋಡ್‌ಗಳು ಸುಲಭ, ಆ ಚಿಹ್ನೆಯ ಪಕ್ಕದಲ್ಲೇ ಒಂದು ಅಂಕೆ ಅಥವಾ ಅಕ್ಷರ ಹಾಕಿ ಆಮೇಲೆ ಮಾತು ಬರೆಯಿರಿ. ಬಣ್ಣ 16, 0ಯಿಂದ 9ರವರೆಗೆ ಅಂಕೆ, ಆಮೇಲೆ ಎ-ಯಿಂದ ಎಫ್‌ವರೆಗೆ ಅಕ್ಷರ (ಇವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ). 6 ಚಿನ್ನದ ಬಣ್ಣ, ಎ ಹಸಿರು, ಸಿ ಕೆಂಪು, ಇ ಹಳದಿ. 0 ಕಪ್ಪು, 1 ಕಡು ನೀಲಿ, ಇವೆರಡನ್ನು ಚಾಟ್‌ನ ಕಪ್ಪು ಹಿನ್ನೆಲೆಯ ಮೇಲೆ ಓದಲು ಕಣ್ಣು ನೋಯುತ್ತದೆ, ಬೇಡ. ಎಲ್ ಹಾಕಿದರೆ ದಪ್ಪ, ಓ ಹಾಕಿದರೆ ಓರೆ, ಎನ್ ಅಡಿಗೆರೆ, ಎಂ ಹಾಕಿದರೆ ಅಕ್ಷರದ ನಡುವೆ ಹೊಡೆದುಹಾಕಿದಂತೆ ಗೆರೆ, ಕೆ ಹಾಕಿದರೆ ಅಕ್ಷರಗಳು ಕುಣಿಯುತ್ತಲೇ ಇರುತ್ತವೆ, ಆರ್ ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಜಾವಾದಲ್ಲಿ ಬಣ್ಣದ ಕೋಡ್ ಬಂದ ಕೂಡಲೇ ಹಿಂದಿನ ದಪ್ಪ, ಓರೆ ಎಲ್ಲಾ ಹೋಗುತ್ತದೆ. ಅದಕ್ಕೆ ಮೊದಲು ಬಣ್ಣ, ಆಮೇಲೆ ದಪ್ಪ. ನಾನು ಇದನ್ನು ಉಲ್ಟಾ ಹಾಕಿ ಒಂದು ಸಂಜೆ ಪೂರ್ತಿ ಪ್ಲಗಿನ್ ಕೆಟ್ಟಿದೆ ಅಂದುಕೊಂಡಿದ್ದೆ. ಬೆಡ್‌ರಾಕ್‌ನಲ್ಲಿ ಹೀಗಾಗುವುದಿಲ್ಲ, ಅದಕ್ಕೇ ಮೊಬೈಲ್‌ನಿಂದ ಬಂದವರಿಗೆ ಗೊಂದಲ ಜಾಸ್ತಿ. 16 ಬಣ್ಣ ಸಾಲದಿದ್ದರೆ, 2020ರಲ್ಲಿ ಬಂದ 1.16 ಆವೃತ್ತಿಯಿಂದ ಈಚೆಗೆ ಬೇಕಾದ ಬಣ್ಣ ಹಾಕಬಹುದು: &# ಬರೆದು ಆರು ಅಂಕಿ-ಅಕ್ಷರದ ಕೋಡ್. ಅದಕ್ಕೆ ಆರ್‌ಜಿಬಿ ಪರ್ಮಿಷನ್ (ಇಂಥ ಬಣ್ಣ ಬಳಸಲು ಆಟಗಾರರಿಗೆ ಕೊಡುವ ಅನುಮತಿ) ಬೇರೆ ಕೊಡಬೇಕು.

ಪ್ಲಗಿನ್‌ನ ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲ್‌ನಲ್ಲಿ ಬಣ್ಣ ಬರೆಯುವಾಗ ಆ ಬರಹವನ್ನು ಕೋಟ್ಸ್ ಒಳಗೆ ಇಡಿ. ಯಾಮಲ್‌ನಲ್ಲಿ (ಆ ಫೈಲ್ ಬರೆಯುವ ರೀತಿ) ಸಾಲಿನ ಮೌಲ್ಯ & ಇಂದ ಶುರುವಾದರೆ ಅದಕ್ಕೆ ಬೇರೆಯೇ ಅರ್ಥ, ಫೈಲ್ ಸರಿಯಾಗಿ ಓದಿಕೊಳ್ಳುವುದಿಲ್ಲ.

ಪರ್ಮಿಷನ್ ಕೊಡಲು ಲಕ್‌ಪರ್ಮ್ಸ್ ಅನ್ನುವ ಪ್ಲಗಿನ್ ಬಳಸಿ. ಬಣ್ಣ, ದಪ್ಪ-ಓರೆ, ಕುಣಿಯುವ ಅಕ್ಷರ, ಮೂರಕ್ಕೂ ಬೇರೆ ಬೇರೆ ಪರ್ಮಿಷನ್ ಇದೆ. ನನ್ನ ಮಾತು ಕೇಳಿದರೆ ಬಣ್ಣ ಎಲ್ಲರಿಗೂ ಕೊಡಿ, ದಪ್ಪ ಅಡ್ಮಿನ್‌ಗಳಿಗೆ ಮಾತ್ರ, ಕುಣಿಯುವುದು ಯಾರಿಗೂ ಬೇಡ. ಎಲ್ಲರೂ ದಪ್ಪ ಅಕ್ಷರದಲ್ಲಿ ಬರೆದರೆ ಮುಖ್ಯವಾದ ಸೂಚನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು, ಕೆಂಪು ಅಂದರೆ ಬೇಡ, ಹಸಿರು ಅಂದರೆ ಸರಿ ಅಂತ ಬರೀ ಬಣ್ಣದಲ್ಲೇ ಹೇಳಬೇಡಿ. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ಪಾಪ, ತಿಂಗಳುಗಟ್ಟಲೆ ಅವನು ಹೇಳಿಕೊಂಡೇ ಇರಲಿಲ್ಲ. ಈಗ ಬಣ್ಣದ ಜೊತೆ "ಎಚ್ಚರ", "ಆಯ್ತು" ಅಂತ ಪದವನ್ನೂ ಬರೆಯುತ್ತೇವೆ.

ಕನ್ನಡ ಲಿಪಿಯಲ್ಲೇ ಬರೆಯುವುದಾದರೆ ದಪ್ಪ ಮಾಡಬೇಡಿ. ಆಟದಲ್ಲಿ ಒತ್ತಕ್ಷರ ಮೊದಲೇ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ದಪ್ಪ ಮಾಡಿದರೆ ಇನ್ನೂ ಕಲಸಿಹೋಗುತ್ತದೆ. ಬಣ್ಣ ಮಾತ್ರ ಹಾಕಿ.

ಎಲ್ಲಾ ಆದ ಮೇಲೆ ನಿಮ್ಮ ಅಕೌಂಟ್‌ನಿಂದ ನೋಡಿ ಸರಿಯಾಯಿತು ಅಂದುಕೊಳ್ಳಬೇಡಿ. ನೀವು ಆಪ್ (ಸರ್ವರ್‌ನ ಆಪರೇಟರ್) ಆಗಿರುವುದರಿಂದ ನಿಮಗೆ ಎಲ್ಲಾ ಪರ್ಮಿಷನ್ ತಾನಾಗಿಯೇ ಇರುತ್ತದೆ. ಗೆಳೆಯರೊಬ್ಬರಿಂದ &6 ಹಾಕಿ ಏನಾದರೂ ಬರೆಸಿ. ಆಗಲೂ ಬಣ್ಣ ಬರದಿದ್ದರೆ ಕಾನ್ಫಿಗ್‌ನ ಚಾಟ್ ಭಾಗವನ್ನು ಇಲ್ಲೇ ಹಾಕಿ, ರಾತ್ರಿ ಕೂತು ನೋಡುತ್ತೇನೆ.